ಅರ್ಧ ಬಲದ ಕಾರು ಗೆದ್ದ ಲೆಕ್ಕ

ಹಾರ್ಸ್‌ಪವರ್ ಜಾಸ್ತಿ ಇದ್ದರೆ ಸಾಕು, ರೇಸ್ ಗೆದ್ದಂತೆಯೇ ಅಂತ ಎಷ್ಟು ಜನ ನಂಬಿದ್ದಾರೆ! ಅವರೆಲ್ಲ ಒಮ್ಮೆ ಫ್ರಾನ್ಸಿನ ರೇಸ್ ಚಾಲಕ ರೆನೆ ಡ್ರೇಫಸ್ ಬಗ್ಗೆ ತಿಳಿಯಬೇಕು.

1938ರ ಏಪ್ರಿಲ್ 10. ಫ್ರಾನ್ಸಿನ ಪೋ ಊರಿನ ಇಕ್ಕಟ್ಟು ಬೀದಿಗಳಲ್ಲಿ 100 ಸುತ್ತಿನ ಓಟ. ಹಿಟ್ಲರ್ ಸರ್ಕಾರದ ಬೆಂಬಲವಿದ್ದ ಮರ್ಸಿಡಿಸ್‌ಗೆ 400ಕ್ಕೂ ಹೆಚ್ಚು ಹಾರ್ಸ್‌ಪವರ್. ಡ್ರೇಫಸ್ ಓಡಿಸಿದ ಫ್ರೆಂಚ್ ಡೆಲಾಯೆಗೆ ಹೆಚ್ಚೂಕಮ್ಮಿ ಅದರ ಅರ್ಧ. ಅವರ ತಂದೆ ಯಹೂದಿ ಅನ್ನುವುದನ್ನು ನೆನೆದರೆ ಆ ದಿನದ ತೂಕ ಗೊತ್ತಾಗುತ್ತದೆ.

ಆ ವರ್ಷದ ನಿಯಮ ಹೀಗಿತ್ತು: ಸೂಪರ್‌ಚಾರ್ಜರ್ ಇದ್ದರೆ 3 ಲೀಟರ್ ಎಂಜಿನ್, ಇಲ್ಲದಿದ್ದರೆ 4.5 ಲೀಟರ್. ಮರ್ಸಿಡಿಸ್ ಮೊದಲನೆಯದನ್ನು ಆರಿಸಿಕೊಂಡಿತು, ಡೆಲಾಯೆ ಎರಡನೆಯದನ್ನು. ಒಲೆಗೆ ಊದುಕೊಳವೆ ಹೇಗೋ ಎಂಜಿನ್ನಿಗೆ ಸೂಪರ್‌ಚಾರ್ಜರ್ ಹಾಗೆ. ಗಾಳಿ ಜಾಸ್ತಿ ನುಗ್ಗಿದಷ್ಟೂ ಇಂಧನ ಜಾಸ್ತಿ ಉರಿಯುತ್ತದೆ. ಆದರೆ ಒತ್ತಿದ ಗಾಳಿ ಕಾಯುತ್ತದೆ. ಕಾದ ಮಿಶ್ರಣ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ಪಿಸ್ಟನ್ ಹಾಳು. ಅದಕ್ಕೇ ಇಂಧನಕ್ಕೆ ಮೆಥನಾಲ್ ಅನ್ನುವ ಆಲ್ಕೋಹಾಲ್ ಬೆರೆಸುತ್ತಿದ್ದರು. ಅದು ಆವಿಯಾಗುವಾಗ ಪೆಟ್ರೋಲಿಗಿಂತ ಸುಮಾರು 3 ಪಟ್ಟು ಶಾಖ ಹೀರಿ ಗಾಳಿಯನ್ನು ತಣಿಸುತ್ತದೆ.

ಬೆಲೆ ತೆರಬೇಕಾದದ್ದು ಇಲ್ಲೇ. ಮೆಥನಾಲ್ ಅಣುವಿನಲ್ಲಿ ಆಗಲೇ ಆಮ್ಲಜನಕ ಸೇರಿಕೊಂಡಿದೆ, ಅಂದರೆ ಅದು ಸ್ವಲ್ಪ ಸುಟ್ಟ ಇಂಧನವೇ. 1 ಕಿಲೋ ಪೆಟ್ರೋಲ್ ಸುಡಲು ಸುಮಾರು 14.7 ಕಿಲೋ ಗಾಳಿ ಬೇಕು. ಮೆಥನಾಲಿಗೆ ಬರೀ 6.4 ಕಿಲೋ. ಅಷ್ಟೇ ಗಾಳಿಗೆ ಎರಡು ಪಟ್ಟಿಗಿಂತ ಹೆಚ್ಚು ಮೆಥನಾಲ್ ಸುರಿಯಬೇಕು! ಊದುಕೊಳವೆಯ ಗಾಳಿಯೂ ಸೇರಿದರೆ ಟ್ಯಾಂಕ್ ಎಷ್ಟು ಹೊತ್ತು ತಡೆದೀತು?

ಮರ್ಸಿಡಿಸ್ ನಡುವೆ ನಿಂತು ಇಂಧನ ತುಂಬಿಸಿಕೊಳ್ಳಲೇಬೇಕಾಯಿತು. ಅದರ ಚಾಲಕ ಕರಚ್ಚಿಯೋಲ ಇಳಿದು, ತಂಡದ ಇನ್ನೊಬ್ಬ ಚಾಲಕ ಲಾಂಗ್ ಹತ್ತಿದರು. ಡೆಲಾಯೆ ಎಲ್ಲೂ ನಿಲ್ಲಲಿಲ್ಲ. ಅಂಥ ತಿರುವುಗಳಲ್ಲಿ ಜರ್ಮನ್ ಕಾರಿನ ಬಲವೆಲ್ಲ ಸುಮ್ನೆ ಚಕ್ರ ಜಾರಿಸಲಿಕ್ಕೇ ಹೋಯಿತು. ಡ್ರೇಫಸ್ ಸುಮಾರು 2 ನಿಮಿಷ ಮುಂದೆ ಗುರಿ ಮುಟ್ಟಿದರು.

ಈ ಲೆಕ್ಕ ಅವರಿಗೆ ಹೊಸದೇನಲ್ಲ. 1930ರ ಮೊನಾಕೊದಲ್ಲಿ ತಮ್ಮ ಬುಗಾಟಿಯೊಳಗೆ ಪಕ್ಕದಲ್ಲೇ ಇನ್ನೊಂದು ಟ್ಯಾಂಕ್ ಕೂರಿಸಿಕೊಂಡು, ಇಂಧನಕ್ಕಾಗಿ ನಿಂತ ಲೂಯಿ ಶಿರೋನ್ ಅವರನ್ನು ಸುಮಾರು 22 ಸೆಕೆಂಡಿನಿಂದ ಸೋಲಿಸಿದ್ದರು.

ಪೋ ಗೆಲುವಾದ ಮುಂದಿನ ತಿಂಗಳು ಟ್ರಿಪೋಲಿಯಲ್ಲಿ ರೇಸ್. ಅಲ್ಲಿನ ರಸ್ತೆ ಉದ್ದ, ವೇಗ ವಿಪರೀತ. ಅಲ್ಲಿ ಬಲಕ್ಕೆ ಜಾಗ ಸಿಕ್ಕಿತು. ಮೊದಲ 3 ಸ್ಥಾನವೂ ಮರ್ಸಿಡಿಸ್‌ಗೇ.