ಲಘು, ಗುರು ಮತ್ತು ಒಂದು ಸ್ಕ್ರೂಡ್ರೈವರ್

ಹಳೇ ಹೋಮ್ ಕಂಪ್ಯೂಟರಿನ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ ಕೇಳಿಸಿದರೆ ಯಾರೇ ಆಗಲಿ ಕಿವಿ ಮುಚ್ಚಿಕೊಳ್ಳುತ್ತಾರೆ. ಟೇಪ್ ಕೆಟ್ಟಿದೆ ಎನ್ನುತ್ತಾರೆ. ಕೆಟ್ಟಿಲ್ಲ ಮಾರಾಯ್ರೆ, ಆ ಕೀರಲು ಸದ್ದೇ ಪ್ರೋಗ್ರಾಮ್!

1982ರಲ್ಲಿ ಬಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹೋಮ್ ಕಂಪ್ಯೂಟರನ್ನೇ ನೋಡಿ. ಟೇಪಿನ ಸದ್ದು ಅದಕ್ಕೆ ಬರೀ ಏರಿಳಿತ. ಒಂದು ತಿರುವಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತಾಯಿತು ಅಂತ ಪ್ರೊಸೆಸರ್ ಒಂದು ಪುಟ್ಟ ಲೂಪ್ ಸುತ್ತುತ್ತಾ ಎಣಿಸುತ್ತದೆ. ಸೆಕೆಂಡಿಗೆ 35 ಲಕ್ಷ ಸಲ ಬಡಿಯುವ ಗಡಿಯಾರದಲ್ಲಿ 855 ಬಡಿತವಾದರೆ ಸೊನ್ನೆ, 1710 ಆದರೆ ಒಂದು. ಸರಿಯಾಗಿ ಎರಡರಷ್ಟು! ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು, ಅಲ್ವಾ? ಇಂಥ ಎರಡು ಬೀಸು ಸೇರಿ ಒಂದು ಬಿಟ್, ಅಂದರೆ ಸೊನ್ನೆ ಅಥವಾ ಒಂದು ಎಂಬ ಒಂದು ಅಂಕಿ. ಮಧ್ಯದಲ್ಲಿ ಒಂದು ಗೆರೆ. ಎಣಿಕೆ ಅದನ್ನು ದಾಟಿದರೆ ಗುರು, ಇಲ್ಲದಿದ್ದರೆ ಲಘು. ಹಾಗಾಗಿ ಟೇಪ್ ಸ್ವಲ್ಪ ನಿಧಾನವಾಗಿ ಓಡಿದರೂ ನಡೆಯುತ್ತಿತ್ತು. ಪದ್ಯವನ್ನು ಎಳೆದು ಹಾಡಿದರೆ ಲಘು ಗುರುವಾಗಿಬಿಡುತ್ತಾ?

ಕ್ಯಾಸೆಟ್ಟಿಗೆ ಬಿಟ್ ತುಂಬುವ ಉಪಾಯ ಸ್ಪೆಕ್ಟ್ರಮ್ ಮಾಡಿದವರದ್ದೇನಲ್ಲ. 1975ರಲ್ಲೇ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಹವ್ಯಾಸಿಗಳೂ ತಯಾರಕರೂ ಕೂತು ಒಂದು ಪದ್ಧತಿ ಒಪ್ಪಿಕೊಂಡಿದ್ದರು. ಅದರದ್ದು ಆಮೆ ನಡಿಗೆ, ಸೆಕೆಂಡಿಗೆ 300 ಬಿಟ್. ಸ್ಪೆಕ್ಟ್ರಮ್ಮಿನದ್ದು ಸುಮಾರು 1500. ಹಾಗಿದ್ದೂ 48 ಕಿಲೋಬೈಟ್ ತುಂಬಲು ನಾಲ್ಕು ನಿಮಿಷಕ್ಕಿಂತ ಜಾಸ್ತಿ ಬೇಕು.

ಆ ಹೊತ್ತಿನಲ್ಲಿ ಪರದೆಯ ಅಂಚನ್ನು ನೋಡಬೇಕಿತ್ತು. ಒಂದೊಂದು ತಿರುವಿಗೂ ಅಂಚಿನ ಬಣ್ಣ ಬದಲಾಗುತ್ತಿತ್ತು. ಮೊದಲು ಕೆಂಪು ಮತ್ತು ತಿಳಿನೀಲಿಯ ದಪ್ಪ ಪಟ್ಟೆ, ಆಮೇಲೆ ನೀಲಿ ಹಳದಿಯ ಸಣ್ಣ ಗೆರೆಗಳ ಕುಣಿತ. ಕಿವಿ ಕೇಳಿದ್ದನ್ನೇ ಕಣ್ಣೂ ನೋಡುತ್ತಿತ್ತು.

ಟೇಪ್ ಓಡುವಾಗ ರೆಕಾರ್ಡರ್ ಮೇಲೆ ಕೈ ಇಟ್ಟರೆ ಒಳ್ಳೇದು, ಕೋಣೆಯಲ್ಲಿ ಯಾರೂ ಅಲ್ಲಾಡಬಾರದು ಅಂತೆಲ್ಲ ನಾವೂ ಮಡಿ ಮಾಡಿದ್ದುಂಟು. ಸುಮ್ನೆ! ನಿಜವಾದ ತೊಂದರೆ ಟೇಪನ್ನು ಓದುವ ಹೆಡ್ಡಿನದ್ದು. ಅದು ಕೂದಲೆಳೆಯಷ್ಟು ಓರೆಯಾದರೂ ಮೊದಲು ಮಂಕಾಗೋದು ಕೀರಲು ಸದ್ದು, ಅಂದರೆ ಲಘುಗಳು. ಪ್ಲೇ ಒತ್ತಿ, ಸಣ್ಣ ಸ್ಕ್ರೂಡ್ರೈವರಿನಿಂದ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಮೆಲ್ಲಗೆ ತಿರುಗಿಸಬೇಕು. ಕಂಬಳಿ ಹೊದ್ದಂತಿದ್ದ ಸದ್ದು ಒಂದು ಜಾಗದಲ್ಲಿ ಥಟ್ಟನೆ ಚೂಪಾಗುತ್ತದೆ. ಅಲ್ಲೇ ನಿಲ್ಲಿಸಬೇಕು.

ನಾನು ನಿಲ್ಲಿಸಲಿಲ್ಲ. ಇನ್ನೊಂಚೂರು ಚೂಪಾಗಲಿ ಅಂತ ತಿರುಗಿಸಿದೆ. ಟೇಪ್ ಮುಗಿಯುವ ಹೊತ್ತಿಗೆ ಪರದೆಯ ಕೆಳಗೆ ಒಂದೇ ಸಾಲು: ಟೇಪ್ ಲೋಡಿಂಗ್ ಎರರ್. ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ರಿವೈಂಡ್ ಒತ್ತಿ ಕೂತೆ.