ಉಚಿತ ದಿನಸಿಗೆ ಇಷ್ಟೊಂದು ಬಾಗಿಲು ಏಕೆ?

ಕೆಲಸ ಹೋಗಿದೆ, ಸಂಬಳ ತಡವಾಗಿದೆ, ಇಲ್ಲವೇ ಆಸ್ಪತ್ರೆ ಬಿಲ್ ಕಟ್ಟಿ ಕೈ ಖಾಲಿಯಾಗಿದೆ. ಅಡುಗೆಮನೆಯ ಡಬ್ಬಗಳ ತಳ ಕಾಣುತ್ತಿದೆ. ಇಂಥ ಹೊತ್ತಿನಲ್ಲಿ ಊಟಕ್ಕೋ ದಿನಸಿಗೋ ನೆರವು ಹುಡುಕಿ ಹೊರಟವರಿಗೆ ಮೊದಲು ಸಿಗುವುದು ಗೊಂದಲ. ಒಂದು ಕಡೆ ಗುರುತಿನ ಚೀಟಿ ಕೇಳುತ್ತಾರೆ. ಇನ್ನೊಂದು ಕಡೆ ಹೆಸರೂ ಕೇಳುವುದಿಲ್ಲ. ಮತ್ತೊಂದು ಕಡೆ 'ಡಾಕ್ಟರ್ ಹತ್ತಿರವೋ ಶಾಲೆಯಿಂದಲೋ ಚೀಟಿ ತನ್ನಿ' ಅನ್ನುತ್ತಾರೆ. 'ನಿಮ್ಮ ಏರಿಯಾ ನಮಗೆ ಬರಲ್ಲ' ಅನ್ನುವವರೂ ಇದ್ದಾರೆ. ಫುಡ್ ಬ್ಯಾಂಕ್ ಎಂದು ದೊಡ್ಡ ಬೋರ್ಡ್ ಇರುವ ಜಾಗಕ್ಕೆ ಹೋದರೆ ಎಷ್ಟೋ ಸಲ ಅಲ್ಲಿರುವುದು ಬರೀ ಗೋದಾಮು, ಬಾಗಿಲಲ್ಲಿ ಲಾರಿಗಳು.

ಒಬ್ಬರೇ ಕೂತು ಯೋಜಿಸಿದ್ದರೆ ಇಷ್ಟು ಗೋಜಲು ಇರುತ್ತಿರಲಿಲ್ಲ. ಆದರೆ ಇದನ್ನು ಯಾರೂ ಯೋಜಿಸಿಲ್ಲ. ಒಂದೊಂದು ಬಾಗಿಲೂ ಒಂದೊಂದು ಕಾಲದ ಹಸಿವಿಗೆ ತೆರೆದದ್ದು. ತೆರೆದವರಿಗೆ ಆಗ ಇದ್ದ ಭಯ, ಅನುಮಾನಗಳೇ ಇವತ್ತು ಅಲ್ಲಿನ ನಿಯಮಗಳಾಗಿ ಉಳಿದಿವೆ. ಯಾವ ಬಾಗಿಲು ಯಾಕೆ ಹಾಗಿದೆ ಅಂತ ತಿಳಿದರೆ ಸುಮ್ನೆ ಅಲೆಯುವುದು ತಪ್ಪುತ್ತದೆ.

ತುಂಬ ಹಳೆಯದೊಂದು ಬಾಗಿಲು ಸರ್ಕಾರಿ ಪಟ್ಟಿ. ಕ್ರಿ.ಪೂ. 123ರಲ್ಲಿ ರೋಮ್‌ನ ಜನನಾಯಕ ಗೈಯಸ್ ಗ್ರಾಕಸ್ ನಾಗರಿಕರಿಗೆ ಕಡಿಮೆ ಬೆಲೆಯಲ್ಲಿ ಗೋಧಿ ಕೊಡುವ ಕಾನೂನು ತಂದ. ಕ್ರಿ.ಪೂ. 58ರಲ್ಲಿ ಇನ್ನೊಬ್ಬ ಜನನಾಯಕ ಕ್ಲೋಡಿಯಸ್ ಅದನ್ನು ಪೂರ್ತಿ ಉಚಿತ ಮಾಡಿದ. ಒಬ್ಬನಿಗೆ ತಿಂಗಳಿಗೆ 5 ಮೋಡಿಯಸ್, ಅಂದರೆ ಸುಮಾರು 33 ಕೆ.ಜಿ. ಉಚಿತ ಅಂದ ಮೇಲೆ ಕೇಳಬೇಕೇ? ಪಟ್ಟಿ ಬೆಳೆಯುತ್ತಲೇ ಹೋಯಿತು. ಗುಲಾಮರಿಗೆ ಬಿಡುಗಡೆ ಕೊಟ್ಟು, ಅವರ ಊಟದ ಖರ್ಚನ್ನು ಸರ್ಕಾರದ ತಲೆಗೆ ಕಟ್ಟಿದ ಧಣಿಗಳೂ ಇದ್ದರು. ಜೂಲಿಯಸ್ ಸೀಸರ್ ಅಧಿಕಾರಕ್ಕೆ ಬರುವ ಹೊತ್ತಿಗೆ ಪಟ್ಟಿಯಲ್ಲಿ 3,20,000 ಹೆಸರುಗಳಿದ್ದವು. ಆತ ಬೀದಿ ಬೀದಿಯಲ್ಲೂ ಮನೆ ಮಾಲೀಕರ ಮೂಲಕ ಬಾಡಿಗೆದಾರರ ಲೆಕ್ಕ ತೆಗೆಸಿ, ಅದನ್ನು 1,50,000ಕ್ಕೆ ಇಳಿಸಿದ. ಆಮೇಲೆ ಪಟ್ಟಿಯಲ್ಲಿರುವ ಒಬ್ಬ ಸತ್ತರೆ ಮಾತ್ರ ಹೊಸಬನಿಗೆ ಜಾಗ. ಅದಕ್ಕೂ ಚೀಟಿ ಎತ್ತಬೇಕು. ಮುಂದೆ ಚಕ್ರವರ್ತಿಗಳ ಕಾಲದಲ್ಲಿ ಯಾರು ಯಾವ ದಿನ, ಎಷ್ಟನೇ ನಂಬರಿನ ಕಿಂಡಿಯಲ್ಲಿ ಧಾನ್ಯ ಪಡೆಯಬೇಕು ಅನ್ನುವುದೂ ನಿಗದಿಯಾಯಿತು. ಎರಡು ಸಾವಿರ ವರ್ಷದ ಹಿಂದಿನ ಮಾತು ಅಂತ ಅನ್ನಿಸುವುದೇ ಇಲ್ಲ, ಅಲ್ವಾ?

ಆದರೆ ಅದು ಬಡವರ ಪಟ್ಟಿ ಆಗಿರಲಿಲ್ಲ. ರೋಮ್ ನಗರದಲ್ಲಿ ನೆಲೆಸಿದ ನಾಗರಿಕ ಗಂಡಸರ ಪಟ್ಟಿ ಅದು. ಹೊರಗಿನಿಂದ ಬಂದವರಿಗೆ ಇಲ್ಲ, ಗುಲಾಮರಿಗೆ ಇಲ್ಲ. ನೀನು ಹಸಿದಿದ್ದೀಯಾ ಅಂತ ಯಾರೂ ಕೇಳುತ್ತಿರಲಿಲ್ಲ, ನೀನು ನಮ್ಮವನಾ ಅಂತ ಕೇಳುತ್ತಿದ್ದರು. ಇವತ್ತಿಗೂ ಸರ್ಕಾರದ ನೆರವು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ನಿಯಮಿತವಾದದ್ದು. ಹಾಗೆಯೇ ಕಾಗದಪತ್ರ ಜಾಸ್ತಿ ಕೇಳುವುದೂ ಅದೇ. ಆದ್ದರಿಂದ ಅರ್ಹತೆ ಇರುವವರು ಮೊದಲು ಅರ್ಜಿ ಹಾಕಬೇಕಾದದ್ದು ಅಲ್ಲಿಗೆ. ಮಂಜೂರಾಗುವವರೆಗೆ ಹೊಟ್ಟೆ ಕಾಯುವುದಿಲ್ಲ. ಆ ನಡುವಿನ ದಿನಗಳಿಗೆ ಬೇರೆ ಬಾಗಿಲು ಬೇಕು.

ಏನೂ ಕೇಳದ ಬಾಗಿಲುಗಳು ಮೊದಲಿಂದಲೂ ಹೆಚ್ಚಾಗಿ ಧರ್ಮದ ಅಂಗಳದಲ್ಲೇ ಇದ್ದವು. ಒಟ್ಟೊಮನ್ ಸುಲ್ತಾನ ಸುಲೈಮಾನನ ಹೆಂಡತಿ ಹುರ್ರೆಮ್ 1552ರ ಹೊತ್ತಿಗೆ ಜೆರುಸಲೇಮ್‌ನಲ್ಲಿ ಒಂದು ದೊಡ್ಡ ಅಡುಗೆಮನೆ ಕಟ್ಟಿಸಿದಳು. ಅದರ ಖರ್ಚಿಗೆ ಎಷ್ಟೋ ಹಳ್ಳಿಗಳ ಹುಟ್ಟುವಳಿಯನ್ನು ಬಿಟ್ಟುಕೊಟ್ಟಳು. ಆ ಅಡುಗೆಮನೆಯಿಂದ ನಮ್ಮ ಕಾಲದಲ್ಲೂ ಬಡವರಿಗೆ ಊಟ ಹೋಗುತ್ತಿದೆ. ಸಿಖ್ಖರ ಲಂಗರ್ ಇನ್ನೂ ಸಲೀಸು. ಜಗತ್ತಿನ ಯಾವ ಊರಿನ ಗುರುದ್ವಾರಕ್ಕೆ ಹೋದರೂ ತಲೆಗೆ ಬಟ್ಟೆ ಹಾಕಿ, ಚಪ್ಪಲಿ ಬಿಟ್ಟು, ಎಲ್ಲರ ಜೊತೆ ಕೂತರೆ ಸಾಕು. ಜಾತಿ, ಧರ್ಮ, ಆದಾಯ ಯಾವುದೂ ಅಲ್ಲಿ ಪ್ರಶ್ನೆಯಲ್ಲ. ಇವತ್ತೇ, ಈಗಲೇ ಒಂದು ಹೊತ್ತಿನ ಬಿಸಿ ಊಟ ಬೇಕಾದವರಿಗೆ ಇದಕ್ಕಿಂತ ಹತ್ತಿರದ ದಾರಿ ಬಹುಶಃ ಇನ್ನೊಂದಿಲ್ಲ.

'ನಿಮ್ಮ ಏರಿಯಾ ನಮಗೆ ಬರಲ್ಲ' ಅನ್ನುವ ಮಾತಿಗೂ ಒಂದು ಹಿರಿಯ ಅಜ್ಜ ಇದ್ದಾನೆ. ಇಂಗ್ಲೆಂಡಿನಲ್ಲಿ 1601ರ ಬಡವರ ಕಾನೂನು ಪ್ರತಿ ಪ್ಯಾರಿಷ್‌ಗೂ, ಅಂದರೆ ಚರ್ಚಿನ ವ್ಯಾಪ್ತಿಯ ಊರಿಗೂ, ತನ್ನ ಬಡವರನ್ನು ತಾನೇ ನೋಡಿಕೊಳ್ಳುವ ಹೊಣೆ ಹೊರಿಸಿತು. ಖರ್ಚು ಆ ಊರಿನ ತೆರಿಗೆಯಿಂದಲೇ. ಸಹಜವಾಗಿ, ಬೇರೆ ಊರಿನ ಬಡವರು ಬಂದರೆ ಅನ್ನುವ ಭಯ ಶುರುವಾಯಿತು. 1662ರಲ್ಲಿ ಇನ್ನೊಂದು ಕಾನೂನು ಬಂತು. ಹೊರಗಿನಿಂದ ಬಂದು ನೆಲೆಸಿದ ಬಡವನನ್ನು ಅವನ ಮೂಲ ಊರಿಗೆ ವಾಪಸ್ ಅಟ್ಟಲು ಅದು ಅನುಮತಿ ಕೊಟ್ಟಿತು. 1834ರ ತಿದ್ದುಪಡಿ ಮತ್ತೂ ಕಟುವಾಗಿತ್ತು. ನೆರವು ಬೇಕಾದರೆ ವರ್ಕ್‌ಹೌಸ್, ಅಂದರೆ ಬಡವರನ್ನು ಇರಿಸಿ ದುಡಿಸುವ ಮನೆ, ಸೇರಬೇಕು, ಅಲ್ಲಿನ ಬದುಕು ಹೊರಗಿನ ಅತಿ ಬಡ ಕೂಲಿಯ ಬದುಕಿಗಿಂತ ಕೀಳಾಗಿರಬೇಕು. ಇದು ಅಧಿಕಾರಿಗಳ ಉಡಾಫೆ ಅಲ್ಲ, ಉದ್ದೇಶಪೂರ್ವಕ ನೀತಿ. 1845ರಲ್ಲಿ ಆಂಡೋವರ್ ಎಂಬ ಊರಿನ ವರ್ಕ್‌ಹೌಸಿನ ಸುದ್ದಿ ಹೊರಬಿತ್ತು. ಗೊಬ್ಬರಕ್ಕಾಗಿ ಪುಡಿ ಮಾಡಲು ಕೊಟ್ಟ ಪ್ರಾಣಿಗಳ ಮೂಳೆಯನ್ನೇ ಅಲ್ಲಿದ್ದವರು ಹಸಿವಿಗೆ ಕಚ್ಚಿ ತಿನ್ನುತ್ತಿದ್ದರು.

ಅದೇ ಹೊತ್ತಿಗೆ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಂತು. 1847ರ ವಸಂತದಲ್ಲಿ ಸರ್ಕಾರ ಗಂಜಿ ಕೇಂದ್ರಗಳನ್ನು ತೆರೆಯಿತು. ಲಂಡನ್ನಿನ ಹೆಸರಾಂತ ಬಾಣಸಿಗ ಅಲೆಕ್ಸಿಸ್ ಸೊಯರ್ ಡಬ್ಲಿನ್‌ನಲ್ಲಿ ಒಂದು ಮಾದರಿ ಕೇಂದ್ರ ಮಾಡಿ ತೋರಿಸಿದ. ಗಂಟೆ ಹೊಡೆದರೆ ನೂರು ಜನ ಒಳಗೆ. ಮೇಜಿನ ಮೇಲೆ ಬಟ್ಟಲು, ಬಟ್ಟಲಿಗೆ ಸರಪಳಿಯಲ್ಲಿ ಕಟ್ಟಿದ ಚಮಚ. ಸೂಪು ಕುಡಿದು ಎದ್ದರೆ ಆಚೆ ಬಾಗಿಲಿಂದ ಹೊರಗೆ, ಮತ್ತೆ ಗಂಟೆ, ಮತ್ತೆ ನೂರು ಜನ. ಅದರ ಉದ್ಘಾಟನೆಯ ದಿನ ಸಿರಿವಂತರು 5 ಶಿಲ್ಲಿಂಗ್ ಕೊಟ್ಟು ಬಡವರು ಉಣ್ಣುವುದನ್ನು ನೋಡಿದರು. ಕ್ಯಾಮೆರಾ ಮುಂದೆ ಕಿಟ್ ಹಂಚುವವರನ್ನು ನಾವು ಬೈಯುತ್ತೇವೆ. ಅವರ ಪೂರ್ವಜರು ಇವರೇ ಇರಬೇಕು.

ಇಷ್ಟಾದರೂ ಒಂದು ಮಾತು ಒಪ್ಪಲೇಬೇಕು: ಗಂಜಿ ಕೇಂದ್ರಗಳು ಕೆಲಸ ಮಾಡಿದವು. ಜುಲೈ ಹೊತ್ತಿಗೆ ದಿನಕ್ಕೆ 30 ಲಕ್ಷಕ್ಕೂ ಹೆಚ್ಚು ಜನರಿಗೆ ಊಟ ಸಿಗುತ್ತಿತ್ತು. ರೈಲು ಸರಿಯಾಗಿ ಇಲ್ಲದ, ಟೆಲಿಫೋನ್ ಇನ್ನೂ ಹುಟ್ಟೇ ಇರದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಅದೇ ವರ್ಷ ಶರತ್ಕಾಲದ ಹೊತ್ತಿಗೆ ಸರ್ಕಾರ ಅವನ್ನು ಮುಚ್ಚಿತು. ಹಸಿದವರ ಹೊರೆಯನ್ನು ಮತ್ತೆ ವರ್ಕ್‌ಹೌಸ್‌ಗಳ ಮೇಲೆ ಹಾಕಿತು. ಕ್ಷಾಮ ಇನ್ನೂ ಮುಗಿದಿರಲಿಲ್ಲ. ಬಿಟ್ಟಿ ಊಟ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬ ನಂಬಿಕೆ ಲೆಕ್ಕದ ಪುಸ್ತಕಕ್ಕಿಂತ ಗಟ್ಟಿಯಾಗಿತ್ತು.

ಅಮೆರಿಕದ ಕತೆಯಲ್ಲಿ ಸಮಸ್ಯೆ ಉಲ್ಟಾ. ಅಲ್ಲಿ ಆಹಾರ ಜಾಸ್ತಿಯಾಗಿತ್ತು. 1930ರ ದಶಕದ ಮಹಾಕುಸಿತದಲ್ಲಿ ಬೆಲೆ ನೆಲ ಕಚ್ಚಿದಾಗ, ಅದನ್ನು ಎತ್ತಲು 1933ರಲ್ಲಿ ಸರ್ಕಾರವೇ ಸುಮಾರು 60 ಲಕ್ಷ ಹಂದಿಗಳನ್ನು ಕೊಲ್ಲಿಸಿತು. ಪಟ್ಟಣಗಳಲ್ಲಿ ಬ್ರೆಡ್ಡಿಗೆ ಮೈಲುದ್ದದ ಕ್ಯೂ. ಷಿಕಾಗೊದಲ್ಲಿ ಅಲ್ ಕಪೋನ್ ಎಂಬ ಪಾತಕಿಯೇ ಗಂಜಿ ಕೇಂದ್ರ ನಡೆಸುತ್ತಿದ್ದ! ಜನ ರೊಚ್ಚಿಗೆದ್ದ ಮೇಲೆ ಹೆಚ್ಚುವರಿ ಬೆಳೆಯನ್ನು ಕೊಂಡು ಬಡವರಿಗೆ ಹಂಚುವ ವ್ಯವಸ್ಥೆ ಬಂತು. 1939ರ ಮೇ ತಿಂಗಳಲ್ಲಿ ರಾಚೆಸ್ಟರ್ ನಗರದಲ್ಲಿ ಫುಡ್ ಸ್ಟ್ಯಾಂಪ್, ಅಂದರೆ ಆಹಾರ ಕೊಳ್ಳುವ ಚೀಟಿ, ಶುರುವಾಯಿತು. 1 ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಂಡರೆ 50 ಸೆಂಟ್ ಬೆಲೆಯ ನೀಲಿ ಚೀಟಿ ಉಚಿತ. ಕಿತ್ತಳೆ ಚೀಟಿಗೆ ಬೇಕಾದ ಆಹಾರ ಸಿಗುತ್ತಿತ್ತು. ನೀಲಿ ಚೀಟಿಗೆ ಮಾತ್ರ ಸರ್ಕಾರ ಹೆಚ್ಚುವರಿ ಎಂದು ಸಾರಿದ ಪದಾರ್ಥಗಳೇ.

ಕಿತ್ತಳೆ ಚೀಟಿ ಕೊಳ್ಳಲೂ ಕಾಸಿಲ್ಲದವನು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಸಿಗಲು ದಶಕಗಳೇ ಹಿಡಿದವು. ಯೋಜನೆ 1943ರಲ್ಲಿ ನಿಂತು, 1961ರಲ್ಲಿ ಪ್ರಯೋಗವಾಗಿ ಮರಳಿ, 1964ರಲ್ಲಿ ಕಾಯಂ ಕಾನೂನಾಯಿತು. ಮೊದಲು ದುಡ್ಡು ಕಟ್ಟಬೇಕೆಂಬ ಷರತ್ತು ಹೋದದ್ದು 1977ರ ಕಾನೂನಿನಲ್ಲಿ. ಅಂಗಡಿ ಕೌಂಟರಿನಲ್ಲಿ ಎಲ್ಲರೆದುರು ಚೀಟಿ ಹರಿದು ಕೊಡುವ ಮುಜುಗರ ತಪ್ಪಿದ್ದು ಇನ್ನೂ ತಡವಾಗಿ. 2004ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳಿಗೂ ಡೆಬಿಟ್ ಕಾರ್ಡಿನಂಥ ಕಾರ್ಡ್ ಬಂದಿತ್ತು.

ಈಗ ಲಾರಿಗಳು ನಿಂತ ಆ ಗೋದಾಮಿನ ಕತೆ. ಅರಿಜೋನಾದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬ ನಿವೃತ್ತ ವ್ಯಾಪಾರಿ ಬಡವರ ಊಟದ ಮನೆಯೊಂದಕ್ಕೆ ಹಣ್ಣು, ತರಕಾರಿ ಒಟ್ಟು ಮಾಡಿ ತರುತ್ತಿದ್ದರು. ಕಿರಾಣಿ ಅಂಗಡಿಗಳ ಹಿಂದಿನ ಕಸದ ತೊಟ್ಟಿಯಿಂದ ಒಳ್ಳೆಯ ಆಹಾರ ಆಯ್ದು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ ಅವರಿಗೆ ಸಿಕ್ಕಳು. ಹಣ ಇಟ್ಟು ತೆಗೆಯುವ ಹಾಗೆ ಆಹಾರವನ್ನೂ ಇಟ್ಟು ತೆಗೆಯುವ ಒಂದು ಜಾಗ ಇರಬಾರದೇ ಅಂದಳಂತೆ. 1967ರಲ್ಲಿ ಒಂದು ಚರ್ಚು ಪಾಳುಬಿದ್ದ ಬೇಕರಿ ಕಟ್ಟಡವನ್ನೂ ಸ್ವಲ್ಪ ಹಣವನ್ನೂ ಕೊಟ್ಟಿತು. ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರುವಾಯಿತು. ಮೊದಲ ವರ್ಷವೇ ಸುಮಾರು 1,25,000 ಕೆ.ಜಿ. ಆಹಾರವನ್ನು 36 ಸಂಸ್ಥೆಗಳಿಗೆ ಹಂಚಿದರು.

ಗಮನಿಸಿ, ಹಂಚಿದ್ದು ಸಂಸ್ಥೆಗಳಿಗೆ, ಮನೆಗಳಿಗಲ್ಲ. ಗೊಂದಲದ ಬೇರು ಇಲ್ಲಿದೆ. ಆ ಮಾದರಿಯ ಫುಡ್ ಬ್ಯಾಂಕ್ ಸಗಟು ಗೋದಾಮು. ಅಲ್ಲಿಂದ ಸಾಮಾನು ಪಡೆದು ಜನರ ಕೈಗೆ ಕೊಡುವ ಸಣ್ಣ ಕೇಂದ್ರ ಪ್ಯಾಂಟ್ರಿ. ನೀವು ಹೋಗಬೇಕಾದದ್ದು ಅಲ್ಲಿಗೆ. ಗೋದಾಮಿಗೆ ಫೋನ್ ಮಾಡಿದರೆ ಹತ್ತಿರದ ಪ್ಯಾಂಟ್ರಿ ಯಾವುದು ಅಂತ ಹೇಳುತ್ತಾರೆ. ಆದರೆ ಬ್ರಿಟನ್‌ನಲ್ಲಿ ಫುಡ್ ಬ್ಯಾಂಕ್ ಅಂದರೆ ಜನರೇ ಹೋಗುವ ಜಾಗ. ಅಲ್ಲಿನ ಟ್ರಸೆಲ್ ಸಂಸ್ಥೆಯ ಮೊದಲ ಫುಡ್ ಬ್ಯಾಂಕ್ 2000ದಲ್ಲಿ ಸಾಲ್ಸ್‌ಬರಿಯ ಒಂದು ಮನೆಯ ಗ್ಯಾರೇಜಿನಲ್ಲಿ ಶುರುವಾಗಿತ್ತು. ಡಾಕ್ಟರೋ, ಶಾಲೆಯವರೋ, ಸಮಾಜ ಕಾರ್ಯಕರ್ತರೋ ಬರೆದುಕೊಟ್ಟ ಚೀಟಿಗೆ ಸಾಮಾನ್ಯವಾಗಿ 3 ದಿನಕ್ಕಾಗುವ ದಿನಸಿ ಕೊಡುವ ಪದ್ಧತಿ ಅಲ್ಲಿಂದ ಹರಡಿತು. ದಾನ ಕೊಟ್ಟವರಿಗೆ ಇದರಿಂದ ಭರವಸೆ ಬರುತ್ತದೆ, ನಿಜ. ಆದರೆ ಶುಕ್ರವಾರ ಸಂಜೆ ಹಸಿದವರು ಚೀಟಿಗೆ ಸೋಮವಾರದವರೆಗೆ ಕಾಯಬೇಕಾಗಬಹುದು.

ಕೆನಡಾದ ಎಡ್ಮಂಟನ್‌ನಲ್ಲಿ 1981ರಲ್ಲಿ, ಫ್ರಾನ್ಸ್‌ನಲ್ಲಿ 1984ರಲ್ಲಿ ಫುಡ್ ಬ್ಯಾಂಕ್‌ಗಳು ಬಂದವು. ಎಡ್ಮಂಟನ್ನಿನವರು ಇದು ತಾತ್ಕಾಲಿಕ ಅಂದುಕೊಂಡೇ ಶುರು ಮಾಡಿದ್ದರು. ಇನ್ನೂ ನಡೆಯುತ್ತಿದೆ. ಕೂಲಿ ಸಾಲದಾದಾಗ, ಬಾಡಿಗೆ ಏರಿದಾಗ ಸರ್ಕಾರ ಮಾಡಬೇಕಾದ ಕೆಲಸವನ್ನು ದಾನದ ಡಬ್ಬಗಳು ಮುಚ್ಚಿಹಾಕುತ್ತವೆ ಅನ್ನುವ ಟೀಕೆ ಹಳೆಯದು. ಅದರಲ್ಲಿ ಹುರುಳಿದೆ. ಫುಡ್ ಬ್ಯಾಂಕ್‌ಗಳ ಅಗತ್ಯವೇ ಇಲ್ಲದ ದಿನ ಬರಬೇಕು ಅಂತ ಟ್ರಸೆಲ್ ಸಂಸ್ಥೆಯೇ ಹೇಳುತ್ತದೆ.

ಚೀಲದಲ್ಲಿ ಏನು ಸಿಗುತ್ತದೆ ಅನ್ನುವುದಕ್ಕೂ ಇತಿಹಾಸ ಇದೆ. 1981ರ ಕೊನೆಗೆ ಅಮೆರಿಕದ ರೇಗನ್ ಸರ್ಕಾರ ಗೋದಾಮುಗಳಲ್ಲಿ ರಾಶಿ ಬಿದ್ದಿದ್ದ ಚೀಸ್ ಅನ್ನು ಬಡವರಿಗೆ ಹಂಚಿತು. ಅವರು ಚೀಸ್ ಕೇಳಿದ್ದರು ಅಂತಲ್ಲ, ಇಡಲು ಜಾಗ ಇರಲಿಲ್ಲ ಅಂತ. ಇವತ್ತೂ ಹೆಚ್ಚಿನದು ಉಳಿದ ಮಾಲೇ. ಉಳಿದದ್ದು ಕಸಕ್ಕೆ ಹೋಗದಂತೆ ಕಾನೂನುಗಳೂ ಬಂದಿವೆ. ಒಳ್ಳೆಯ ಮನಸ್ಸಿನಿಂದ ಆಹಾರ ದಾನ ಕೊಟ್ಟವರ ಮೇಲೆ ಸುಲಭವಾಗಿ ಕೇಸು ಹಾಕಲಾಗದಂತೆ ಅಮೆರಿಕ 1996ರಲ್ಲಿ ರಕ್ಷಣೆ ಕೊಟ್ಟಿತು. 2016ರಲ್ಲಿ ಫ್ರಾನ್ಸ್, 400 ಚದರ ಮೀಟರ್ ಮೀರಿದ ಸೂಪರ್ ಮಾರ್ಕೆಟ್‌ಗಳು ತಿನ್ನಲು ಯೋಗ್ಯವಾದದ್ದನ್ನು ಹಾಳು ಮಾಡಬಾರದು, ದಾನ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳಬೇಕು ಎಂದಿತು. ಜರ್ಮನಿಯಲ್ಲಿ 2012ರಿಂದ ಹರಡಿದ ಫುಡ್‌ಶೇರಿಂಗ್ ಚಳವಳಿ ಬೀದಿಯಲ್ಲೇ ಫ್ರಿಜ್, ಕಪಾಟು ಇಟ್ಟಿತು. ಅಲ್ಲಿ ಯಾರು ಬೇಕಾದರೂ ಇಡಬಹುದು, ಯಾರು ಬೇಕಾದರೂ ಒಯ್ಯಬಹುದು. ಪಟ್ಟಿ ಇಲ್ಲ, ಚೀಟಿ ಇಲ್ಲ. ಆದರೆ ಹೋದಾಗ ಏನಾದರೂ ಇರುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ಹುಡುಕುವ ಕೆಲಸ ಮಾತ್ರ ಇತ್ತೀಚಿನವರೆಗೂ ಹಸಿದವರ ಪಾಲಿಗೇ ಬಿಟ್ಟಿತ್ತು. 2000ದಲ್ಲಿ ಅಮೆರಿಕ 211 ಎಂಬ ನಂಬರನ್ನು ಊಟ, ವಸತಿಯಂಥ ನೆರವಿನ ಮಾಹಿತಿಗೆಂದೇ ಮೀಸಲಿಟ್ಟಿತು. ಇಂಥ ಸಹಾಯವಾಣಿ ಇಲ್ಲದ ಕಡೆ ಶಾಲೆಯ ಕಚೇರಿ, ಸಾರ್ವಜನಿಕ ಗ್ರಂಥಾಲಯ, ಆರೋಗ್ಯ ಕೇಂದ್ರ, ಹತ್ತಿರದ ಪ್ರಾರ್ಥನಾ ಮಂದಿರ, ಇಲ್ಲೆಲ್ಲ ಕೇಳಿದರೆ ಗೊತ್ತಿರುವವರು ಒಬ್ಬರಾದರೂ ಸಿಗುತ್ತಾರೆ. ಹೋಗುವ ಮೊದಲು ಫೋನ್ ಮಾಡುವುದು ಒಳ್ಳೆಯದು, ಯಾಕೆಂದರೆ ಸ್ವಯಂಸೇವಕರು ನಡೆಸುವ ಜಾಗ ವಾರಕ್ಕೆ ಕೆಲವೇ ಗಂಟೆ ತೆರೆದಿರಬಹುದು. ಯಾವ ಕಾಗದ ತರಬೇಕು, ನಮ್ಮ ವಿಳಾಸ ನಡೆಯುತ್ತದಾ, ಎಷ್ಟು ದಿನಕ್ಕೊಮ್ಮೆ ಬರಬಹುದು, ಚೀಲ ನಾವೇ ತರಬೇಕಾ ಎಂದು ಕೇಳಿ. ಮಗುವಿನ ಹಾಲಿನ ಪುಡಿ ಬೇಕಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮಾಂಸ ತಿನ್ನದವರಾದರೆ ಅದನ್ನೂ ಮೊದಲೇ ಹೇಳಿ. ಕಟ್ಟಿಟ್ಟ ಚೀಲ ಕೊಡುವ ಬದಲು ಅಂಗಡಿಯಂತೆ ಕಪಾಟಿನಿಂದ ಆರಿಸಿಕೊಳ್ಳಲು ಬಿಡುವ ಪ್ಯಾಂಟ್ರಿಗಳೂ ಈಗ ಇವೆ. ಮನೆಯಲ್ಲಿ ಗ್ಯಾಸ್ ಮುಗಿದಿದ್ದರೆ ಅಥವಾ ಒಲೆಯೇ ಇಲ್ಲದಿದ್ದರೆ ಅದನ್ನೂ ಮುಚ್ಚಿಡಬೇಡಿ. ಬ್ರಿಟನ್‌ನ ಕೆಲವು ಕೇಂದ್ರಗಳು ಬಿಸಿನೀರು ಹಾಕಿದರೆ ತಿನ್ನಲು ಸಿದ್ಧವಾಗುವ ಸಾಮಾನುಗಳ 'ಕೆಟಲ್ ಬಾಕ್ಸ್', ಏನೂ ಕಾಯಿಸದೆ ತಿನ್ನಬಹುದಾದ 'ಕೋಲ್ಡ್ ಬಾಕ್ಸ್' ಅಂತ ಬೇರೆಯೇ ಕಟ್ಟಿಡುತ್ತವೆ.