ಪೇಶಂಟ್ ರಿಪೋರ್ಟೆಡ್ ಔಟ್‌ಕಮ್ ಅಂದ್ರ ಏನ್ರಿ? ಎಕ್ಸ್‌ರೇದಾಗ ಕಾಣದ ಬ್ಯಾನಿ ಅಳಿಯೂದು ಹೆಂಗ

ಬೆಳಗಾವಿಯಂಥ ಊರಾಗ ದೊಡ್ಡ ದವಾಖಾನಿಗೆ ಮಣಕಾಲಿಗೋ ಕ್ಯಾನ್ಸರ್‌ಗೋ ಅಂತ ಹೋದವ್ರಿಗೆ ಒಮ್ಮೊಮ್ಮೆ ಒಂದು ಫಾರ್ಮ್ ಕೊಡ್ತಾರ, ನಿದ್ದಿ ಬರತೈತೇನು, ಮೆಟ್ಲ ಹತ್ತೂವಾಗ ಎಷ್ಟು ಬ್ಯಾನಿ ಆಗತೈತಿ, ಮನಿ ಕೆಲಸ ಮಾಡಾಕ ಆಗತೈತೋ ಇಲ್ಲೋ ಅಂತ ಸಾಲಸಾಲ ಪ್ರಶ್ನಿ. ಎಕ್ಸ್‌ರೇ ತಗದಾರ, ರಕ್ತ ತಗೊಂಡಾರ, ಮತ್ತ ಇದ್ಯಾಕಪಾ ಅಂತ ಮಂದಿ ಗೊಣಗತಾರ. ರಿಸರ್ಚ್ ಮಾಡೋರು ಆ ಉತ್ತರಕ್ಕ ಪೇಶಂಟ್ ರಿಪೋರ್ಟೆಡ್ ಔಟ್‌ಕಮ್ ಅಂತಾರ, ಶಾರ್ಟಾಗಿ ಪಿಆರ್‌ಓ. (ಕೌಂಟರ್ ಹತ್ರ ಕುಂದ್ರೋ ಪಿಆರ್‌ಓ ಸಾಹೇಬ್ರು ಬ್ಯಾರೆ, ಅವ್ರಿಗೂ ಇದಕ್ಕೂ ಸಂಬಂಧ ಇಲ್ಲ.)

ಔಟ್‌ಕಮ್ ಅಂದ್ರ ಔಷಧಿಯಿಂದನೋ ಆಪರೇಶನ್‌ದಿಂದನೋ ಏನ್ ಫರಕ್ ಬಿತ್ತು ಅಂತ ತಿಳ್ಕೊಳ್ಳಾಕ ಅಳಿಯೋ ವಿಷಯ, ಅದನ್ನ ಟ್ರಯಲ್ (ಚಿಕಿತ್ಸೆ ಮಂದಿ ಮ್ಯಾಲ ಪರೀಕ್ಷಾ ಮಾಡಿ ನೋಡೋ ರಿಸರ್ಚ್) ಶುರು ಆಗೂಕಿಂತ ಮೊದಲ ಬರದಿಡಬೇಕು. ಕೆಲವು ಔಟ್‌ಕಮ್‌ಗೆ ಪೇಶಂಟ್ ಬಾಯಿ ಬಿಡೋದ ಬ್ಯಾಡ. ನಮ್ಮ ಬೆಳಗಾವಿ ಜಿಲ್ಲಾದ್ದ ಉದಾಹರಣಿ ಐತಿ ನೋಡ್ರಿ, ಜೆಎನ್‌ಎಂಸಿ ಮೆಡಿಕಲ್ ಕಾಲೇಜಿನವ್ರು ಮತ್ತ ಅಮೆರಿಕಾದವ್ರು ಕೂಡಿ ಹಳ್ಳಿಗೋಳಾಗ ಮಾಡಿದ ಟ್ರಯಲ್ 2006ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಿದಾಗ ಬಂತು. ಮನ್ಯಾಗ ಇಲ್ಲಾ ಸಬ್‌ಸೆಂಟರ್‌ನ್ಯಾಗ ಹಡದ 1620 ಹೆಣ್ಮಕ್ಕಳು, ಅರ್ಧ ಮಂದಿಗೆ ಎಎನ್‌ಎಂ ಸಿಸ್ಟರ್‌ಗಳು ಹೆರಿಗಿ ಆದ ಕೂಡ್ಲೆ ರಕ್ತ ಹೋಗೂದು ಕಡಿಮಿ ಮಾಡೋ ಮಿಸೊಪ್ರೊಸ್ಟಾಲ್ ಗುಳಿಗಿ ಕೊಟ್ರು, ಉಳದವ್ರಿಗೆ ನೋಡಾಕ ಹಂಗ ಇರೋ ಆದ್ರ ಔಷಧಿ ಇಲ್ಲದ ಗುಳಿಗಿ. ಹೋದ ರಕ್ತ ಗುರುತು ಹಾಕಿದ ಪ್ಲಾಸ್ಟಿಕ್ ಚೀಲದಾಗ ಕೂಡಿಸಿ ಅಳದ್ರು. 500 ಎಂಎಲ್ ಇಲ್ಲಾ ಅದಕ್ಕೂ ಹೆಚ್ಚು ರಕ್ತ ಹೋದವ್ರು ಔಷಧಿ ಇಲ್ಲದ ಗುಳಿಗಿ ತಗೊಂಡವ್ರಾಗ 12%, ಮಿಸೊಪ್ರೊಸ್ಟಾಲ್ ತಗೊಂಡವ್ರಾಗ 6.4%. ಇಲ್ಲಿ ವಾದಕ್ಕ ಜಾಗಾನ ಇಲ್ಲ, ಚೀಲದ ಮ್ಯಾಲಿನ ಗೆರಿ ಎಲ್ಲಾರಿಗೂ ಕಾಣತೈತಿ.

ಖರೆ ಬ್ಯಾನಿಗೆ, ಸುಸ್ತಿಗೆ, ರಾತ್ರಿ ಎದ್ದು ಕುಂದ್ರಸೋ ಹೆದರಿಕಿಗೆ ಅಂಥ ಚೀಲ ಎಲ್ಲೂ ಸಿಗೂದಿಲ್ಲ. ಒಬ್ರ ಎಕ್ಸ್‌ರೇ ನೋಡಿದ್ರ ಮಣಕಾಲಿನ ಸಂದು ಪೂರಾ ಸವದಿರತೈತಿ, ಆದ್ರ ಅವ್ರು ದಿನಾ ಹೊಲಕ್ಕ ನಡಕೊಂತ ಹೋಗಿ ಬರತಾರ, ಇನ್ನೊಬ್ರ ಎಕ್ಸ್‌ರೇದಾಗ ಅಂಥಾದ್ದೇನೂ ಕಾಣೂದಿಲ್ಲ, ಅವ್ರಿಗೆ ಎದ್ದು ನಿಂದ್ರಾಕ ಗ್ವಾಡಿ ಹಿಡೀಬೇಕು. ಹಿಂಗಾಗಿ ಅವ್ರನ್ನ ಕೇಳಬೇಕು, ಬ್ಯಾರೆ ದಾರಿ ಇಲ್ಲ. 1940ರ ದಶಕದಾಗ ಬಂದ ಕಾರ್ನಾಫ್ಸ್ಕಿ ಸ್ಕೇಲ್ ಅಂತ ಒಂದೈತಿ, ಕ್ಯಾನ್ಸರ್ ಪೇಶಂಟ್ ಎಷ್ಟು ಓಡ್ಯಾಡತಾರ ಅನ್ನೋದಕ್ಕ 0ಯಿಂದ 100ರ ತನಕ ಮಾರ್ಕ್ಸ್, ಆದ್ರ ಮಾರ್ಕ್ಸ್ ಹಾಕೋರು ಡಾಕ್ಟರ್. ಪಿಆರ್‌ಓದಾಗ ಹಂಗಿಲ್ಲ. ಔಷಧಿಗೆ ಪರವಾನಿಗಿ ಕೊಡೋ ಅಮೆರಿಕಾದ ಸರ್ಕಾರಿ ಸಂಸ್ಥೆ ಎಫ್‌ಡಿಎ 2009ರಾಗ ಕೊಟ್ಟ ಗೈಡೆನ್ಸ್ ಪ್ರಕಾರ ಪೇಶಂಟ್ ತಮ್ಮ ಆರೋಗ್ಯದ ಬಗ್ಗೆ ಹೇಳಿದ್ದು ಸೀದಾ ಅವ್ರ ಕಡಿಂದನ ಬರಬೇಕು, ನಡುವ ಡಾಕ್ಟರ್ ಆಗ್ಲಿ ಮತ್ತೊಬ್ರಾಗ್ಲಿ ಅರ್ಥ ಹಚ್ಚಬಾರದು.

ಈ ಕಡೀ ಮಾತ ನಮ್ಮ ಕಡೆ ಭಾಳ ಕಠಿಣ. ಯಾವ ಓಪಿಡಿಗರ ಹೋಗಿ ನೋಡ್ರಿ, ‘ಆಯೀ, ಈಗ ಹೆಂಗೈತ್ರಿ ಬ್ಯಾನಿ?’ ಅಂತ ಸಿಸ್ಟರ್ ಕೇಳಿದ್ರ ಬಾಜೂಕ ನಿಂತ ಮಗ ‘ಈಗ ಎಷ್ಟೋ ಕಡಿಮಿ ಐತ್ರಿ’ ಅಂತ ಉತ್ತರ ಕೊಟ್ಟು ಮುಗಿಸಿರತಾನ, ಆಯಿ ಬಾಯಿ ತಗಿಯೂಕಿಂತ ಮೊದಲ. ಮಗ ಇಲ್ಲದಾಗೂ ಪೂರಾ ಖರೆ ಬರತೈತಿ ಅಂತೇನಿಲ್ಲ, ಆಪರೇಶನ್ ಮಾಡಿದ ಡಾಕ್ಟರ್ ಸಾಹೇಬ್ರ ಎದುರಿಗೆ ನಿಂತು ಬ್ಯಾನಿ ಕಡಿಮಿ ಆಗಿಲ್ಲ ಅಂದ್ರ ಅವ್ರು ಬ್ಯಾಸರ ಮಾಡ್ಕೊಂಡಾರು ಅಂತ ‘ಆರಾಮದೀನ್ರಿ’ ಅಂದುಬಿಡತಾರ. ಅದಕ್ಕ ಫಾರ್ಮ್ ತುಂಬಸೋ ಮಂದಿ ಬ್ಯಾರೆ ಇರಬೇಕು, ಓದಾಕ ಬರದವ್ರಿಗೆ ಪ್ರಶ್ನಿ ಹೆಂಗೈತೋ ಹಂಗ ಓದಿ ಹೇಳಬೇಕು, ಒಂದಕ್ಷರ ಹೆಚ್ಚಿಲ್ಲ ಕಡಿಮಿಲ್ಲ. ಸಣ್ಣ ಹುಡುಗರು, ಮರವಿನ ಕಾಯಿಲೆ ಇದ್ದವ್ರು ಹೇಳಾಕ ಆಗದಿದ್ರ ಮನಿಯವ್ರು ಕಣ್ಣಾರೆ ಕಂಡಿದ್ದನ್ನ ಬರಕೋತಾರ, ಆದ್ರ ಅದಕ್ಕ ಪಿಆರ್‌ಓ ಅನ್ನೂದಿಲ್ಲ, ಅಬ್ಸರ್ವರ್ ರಿಪೋರ್ಟೆಡ್ ಅಂತ ಬ್ಯಾರೆ ಹೆಸರ ಐತಿ.

ಫಾರ್ಮ್ ಒಂದೆರಡಲ್ಲ. ಇಕ್ಯೂ-5ಡಿ ಭಾಳ ಸಣ್ಣದು, ಓಡ್ಯಾಟ, ತಮ್ಮ ಜಳಕ ಬಟ್ಟಿ ತಾವ ನೋಡ್ಕೊಳ್ಳೋದು, ದಿನದ ಕೆಲಸ, ಬ್ಯಾನಿ, ಚಿಂತಿ ಅಂತ ಐದ ವಿಷಯ, ಕಡೀಕ 0–100ರ ಒಂದು ಪಟ್ಟಿ ಮ್ಯಾಲ ಗುರುತು ಹಾಕಬೇಕು. ಎಸ್‌ಎಫ್-36ರಾಗ 36 ಪ್ರಶ್ನಿ, ಕ್ಯಾನ್ಸರ್‌ನ ಕ್ಯೂಎಲ್‌ಕ್ಯೂ-ಸಿ30ರಾಗ 30. ಇಕ್ಯೂ-5ಡಿ ಇವತ್ತಿಂದ ಅಷ್ಟ ಕೇಳತೈತಿ, ಸಿ30 ಹಿಂದಿನ ಒಂದು ವಾರದ್ದು, ಡಬ್ಲ್ಯೂಎಚ್‌ಓದ 26 ಪ್ರಶ್ನಿದು ಎರಡು ವಾರದ್ದು, ಇದನ್ನ ಲಕ್ಷ್ಯ ಇಡದ ಉತ್ತರ ಬರದ್ರ ಅಳತಿ ಕೆಟ್ಟಂಗ. ಮಣಕಾಲಿಗೆ ವೊಮ್ಯಾಕ್ ಅಂತ ಕೆನಡಾದ್ದು, 24 ಪ್ರಶ್ನಿ, ಕಾರ್ ಹತ್ತಿ ಇಳಿಯೂದು, ಸಾಕ್ಸ್ ಹಾಕೋದು, ಬಾತ್‌ಟಬ್‌ನ್ಯಾಗ ಇಳಿದು ಏಳೂದು ಕೇಳತೈತಿ. ಈಗ ಬಾಗಲಕೋಟಿ ಕಡೆ ಒಂದು ಹಳ್ಳ್ಯಾಗ ಒಲಿ ಮುಂದ ಕುಂತು ದಿನಾ ಜ್ವಾಳದ ರೊಟ್ಟಿ ಬಡಿಯೋ ಅವ್ವಗ ಬಾತ್‌ಟಬ್ ಕಟಗೊಂಡು ಏನಾಗಬೇಕು? ಅಕಿಗೆ ತ್ರಾಸ ಆಗೂದು ಚಕ್ಕಳಮಕ್ಕಳ ಹಾಕಿ ಕುಂದ್ರಾಕ, ಕುಕ್ಕರಗಾಲಲೆ ಕುಂತು ಏಳಾಕ, ಅದನ್ನ ಕೇಳದ ಇದ್ರ ಅಕಿ ಸ್ಕೋರ್ ಚಂದನ ಬರತೈತಿ, ಅಕಿ ಮಾತ್ರ ಹಂಗ ನರಳತಿರತಾಳ. ಪುಣೆದ ಸಂಧಿವಾತದ ಕೇಂದ್ರದವ್ರು ವೊಮ್ಯಾಕ್‌ನ ನಮ್ಮ ರೂಢಿಗೆ ಹೊಂದಿಸಿ ಬಳಸ್ಯಾರ, ನನಗ ಕೇಳಿದ್ರ ನಮ್ಮ ಕಡೆ ಮಣಕಾಲಿನ ರಿಸರ್ಚ್ ಮಾಡೋರಿಗೆ ಇಂಥಾದ್ದ ಬೇಕು.

ಬಾಯಿಮಾತು ನಂಬಿ ರಿಸರ್ಚ್ ಮಾಡಬಹುದೇನು ಅಂತ ಕೇಳೋರೂ ಅದಾರ. ಕೇಳೂದು ಬರೋಬರಿ ಐತಿ, ಅದಕ್ಕ ಉತ್ತರಾನೂ ಐತಿ. 2002ರಾಗ ಪ್ರಕಟ ಆದ ಒಂದು ಟ್ರಯಲ್‌ನ್ಯಾಗ ಹೂಸ್ಟನ್‌ದ ಮೋಸ್ಲಿ ಅನ್ನೋ ಡಾಕ್ಟರ್ ಟೀಮಿನವ್ರು ಮಣಕಾಲ ಸವದ 180 ಮಂದಿ ತಗೊಂಡು ಕೆಲವ್ರಿಗೆ ಖರೆ ದುರ್ಬೀನು ಆಪರೇಶನ್ ಮಾಡಿದ್ರು, ಕೆಲವ್ರಿಗೆ ಬರೇ ಚರ್ಮ ಕೊಯ್ದು ಹೊಲಿಗಿ ಹಾಕಿ ಕಳಿಸಿದ್ರು, ಯಾರಿಗೆ ಯಾವುದು ಅಂತ ಪೇಶಂಟ್‌ಗೆ ಗೊತ್ತಿಲ್ಲ (ಮೊದಲ ಒಪ್ಪಿಗಿ ತಗೊಂಡಿದ್ರು ಮತ್ತ). ಎರಡು ವರ್ಷ ಬ್ಯಾನಿ ಕೇಳಿ ಕೇಳಿ ಬರಕೊಂಡ್ರ, ಖರೆ ಆಪರೇಶನ್ ಆದವ್ರಿಗೆ ಹೊಲಿಗಿ ಅಷ್ಟ ಹಾಕಿಸ್ಕೊಂಡವ್ರಿಗಿಂತ ಹೆಚ್ಚಿನ ಆರಾಮ ಏನೂ ಆಗಿರಲಿಲ್ಲ! ಅಂದ್ರ ಪೇಶಂಟ್ ಮಾತಿಗೆ ಬೆಲಿ ಇಲ್ಲ ಅಂತಲ್ಲ, ಹೋಲಿಸಿ ನೋಡಾಕ ಇನ್ನೊಂದು ಗುಂಪು ಬೇಕು, ಆದಷ್ಟು ಯಾರಿಗೆ ಏನು ಕೊಟ್ಟಾರ ಅನ್ನೋದು ಮುಚ್ಚಿಡಬೇಕು. ಅವ್ರ ಬ್ಯಾನಿ ಸ್ಕೋರ್ ಇಲ್ಲದಿದ್ರ ಆ ಆಪರೇಶನ್ ಬಣ್ಣ ಬಯಲಾಗತಿರಲಿಲ್ಲ.

ಇನ್ನೊಂದು ಸಣ್ಣ ವಿಷಯ, ಸ್ಕೋರ್ ಬದಲಾದ ಕೂಡ್ಲೆ ಪೇಶಂಟ್‌ಗೆ ಫರಕ್ ಗೊತ್ತಾಗೇ ಆಗತೈತಿ ಅಂತಲ್ಲ. ಸಾವಿರಗಟ್ಲೆ ಮಂದಿ ಇದ್ದ ಟ್ರಯಲ್‌ನ್ಯಾಗ ಅರ್ಧ ಪಾಯಿಂಟ್ ಇಳದ್ರೂ ಲೆಕ್ಕದಾಗ ಪಾಸ್ ಆಗಬಹುದು, ಖರೆ 0–10ರ ಬ್ಯಾನಿ ಸ್ಕೇಲಿನ್ಯಾಗ ಸುಮಾರು 2 ಪಾಯಿಂಟ್ ಇಳದಾಗ ಮಂದಿ ‘ಹೌದು, ಹಗುರಾತು’ ಅಂತಾರ. ಪೇಪರ್‌ನ್ಯಾಗ ‘ಬ್ಯಾನಿ ಕಡಿಮಿ ಮಾಡೋ ಹೊಸ ಔಷಧಿ’ ಅಂತ ಓದಿದ್ರ ಎಷ್ಟು ಪಾಯಿಂಟ್ ಅಂತ ಮೊದಲ ನೋಡ್ರಿ.

ಇದೆಲ್ಲಾ ಬರೇ ಕಾಗದದ ಕೆಲಸ ಅನ್ನೋರಿಗೆ 2017ರಾಗ ಪ್ರಕಟ ಆದ ಒಂದು ಟ್ರಯಲ್ ತೋರಸಬೇಕು. ನ್ಯೂಯಾರ್ಕ್‌ದಾಗ ಹರಡಿದ ಕ್ಯಾನ್ಸರ್ ಇದ್ದು ಕಿಮೋ ತಗೊಳ್ಳೋ 766 ಮಂದಿ, ಒಂದು ಗುಂಪಿನವ್ರು ವಾಂತಿ, ಸುಸ್ತು, ಬ್ಯಾನಿ ಹಿಂಗ 12 ತ್ರಾಸದ ಬಗ್ಗೆ ತಾವ ಕಂಪ್ಯೂಟರ್‌ನ್ಯಾಗ ಹಾಕತಿದ್ರು, ಹೆಚ್ಚಾದ್ರ ನರ್ಸ್‌ಗೆ ಮೆಸೇಜ್ ಹೋಗತಿತ್ತು. ಅವ್ರ ಮೀಡಿಯನ್ ಆಯುಷ್ಯ (ಅಂದ್ರ ಅರ್ಧ ಮಂದಿ ಅದಕ್ಕೂ ಹೆಚ್ಚು ದಿನ ಬದುಕಿದ್ರು) 31.2 ತಿಂಗಳು, ಎಂದಿನಂಗ ನೋಡ್ಕೊಂಡವ್ರದು 26. ಹೊಸ ಔಷಧಿ ಏನೂ ಕೊಟ್ಟಿರಲಿಲ್ಲ, ತ್ರಾಸ ಲಗೂನ ಗೊತ್ತಾಗತಿತ್ತು ಅಷ್ಟ.

ನಿಮಗ ಯಾರರೆ ಇಂಥಾ ಫಾರ್ಮ್ ಕೊಟ್ರ ರಿಸರ್ಚ್‌ಗೋ ಇಲ್ಲಾ ದವಾಖಾನಿ ರೆಕಾರ್ಡ್‌ಗೋ ಅಂತ ಕೇಳ್ರಿ. ರಿಸರ್ಚ್‌ಗೆ ಅಂದ್ರ ಒಪ್ಪಿಗಿ ಪತ್ರ ಓದಿ ಹೇಳಬೇಕು, ನೀವು ಒಲ್ಲೆ ಅಂದ್ರೂ ಸಿಗೋ ಚಿಕಿತ್ಸೆ ನಿಲ್ಲೂಹಂಗಿಲ್ಲ. 2009ರಿಂದ ನಮ್ಮ ದೇಶದಾಗ ಔಷಧಿ ಟ್ರಯಲ್‌ಗಳನ್ನ ಸಿಟಿಆರ್‌ಐ ಅನ್ನೋ ಸರ್ಕಾರಿ ರಿಜಿಸ್ಟ್ರಿದಾಗ ಮೊದಲ ಹಾಕಬೇಕು ಅಂತ ನಿಯಮ ಐತಿ, ಅದರ ವೆಬ್‌ಸೈಟ್ ಯಾರ ಬೇಕಾದ್ರೂ ತಗದು ನೋಡಬಹುದು. ಅಲ್ಲಿ ಪ್ರೈಮರಿ ಔಟ್‌ಕಮ್ ಅಂತ ಒಂದು ಕಾಲಂ ಇರತೈತಿ, ನಿಮ್ಮ ಬ್ಯಾನಿ ಕೇಳತಾರೋ ಬರೇ ಎಕ್ಸ್‌ರೇ ನೋಡತಾರೋ ಅನ್ನೋದು ಅದರಾಗ ಬರದಿರತೈತಿ.